ಕೊಡುವ ಕೈ ಮಗುವಿನ ಧರ್ಮವನ್ನು ಕೇಳಬೇಕೇ?

(ಪೋಷಕರು ಹಾಗೂ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



2007ರಲ್ಲಿ ಅಮೇರಿಕದ ಪತ್ರಿಕೆಗಳಲ್ಲಿ ಪ್ರಕಟವಾದ ಒಂದು ಸುದ್ದಿ ಅನೇಕರ ಹುಬ್ಬೇರಿಸಿತು. ರಾಬರ್ಟ್ ವಿಲ್ಸನ್ ಎಂಬ ಧನಿಕ ನ್ಯೂಯಾರ್ಕಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯಕ್ಕೆ 2 ಕೋಟಿ 25 ಲಕ್ಷ ಡಾಲರ್ ದಾನ ಮಾಡಿದ್ದರು. ಬಡ ಮಕ್ಕಳು ಕ್ಯಾಥೊಲಿಕ್ ಶಾಲೆಗಳಲ್ಲಿ ಕಲಿಯಲಿ ಎಂಬುದು ಆ ದಾನದ ಉದ್ದೇಶ. ಇದರಲ್ಲಿ ಅಚ್ಚರಿಯೇನಿದೆ ಎಂದು ನೀವು ಕೇಳಬಹುದು. ಅಚ್ಚರಿ ಇರುವುದು ಹಣದ ಮೊತ್ತದಲ್ಲಲ್ಲ. ವಿಲ್ಸನ್ ಕ್ಯಾಥೊಲಿಕರಾಗಿರಲಿಲ್ಲ. ಅವರು ಬಹಿರಂಗವಾಗಿ ತನ್ನನ್ನು ನಾಸ್ತಿಕನೆಂದು ಹೇಳಿಕೊಂಡಿದ್ದವರು. ಹಾಗಾದರೆ ಚರ್ಚಿನ ಶಾಲೆಗೆ ಹಣವೇಕೆ? ಕಳಪೆ ಶಾಲೆಯಲ್ಲಿ ಸಿಲುಕಿದ ಮಕ್ಕಳನ್ನು ಒಳ್ಳೆಯ ಶಾಲೆಗೆ ದಾಟಿಸಲು ಇಷ್ಟು ಕಡಿಮೆ ಖರ್ಚಿನ ದಾರಿ ಬೇರೊಂದಿಲ್ಲ ಎಂಬುದು ಅವರ ಉತ್ತರದ ಸಾರವಾಗಿತ್ತು. 2013ರಲ್ಲಿ ನಿಧನರಾಗುವ ಮುನ್ನ ಅವರು ತನ್ನ ಸಂಪತ್ತಿನ ಬಹುಪಾಲನ್ನು ಇಂಥ ಕಾರ್ಯಗಳಿಗೆ ಹಂಚಿಬಿಟ್ಟಿದ್ದರು.

ಕೊಡುವವನಿಗೆ ಆ ಧರ್ಮದಲ್ಲಿ ನಂಬಿಕೆ ಇಲ್ಲ. ಪಡೆಯುವ ಮಗುವೂ ಹಲವು ಸಲ ಆ ಧರ್ಮಕ್ಕೆ ಸೇರಿದ್ದಲ್ಲ. ನಡುವೆ ನಿಂತಿರುವ ಶಾಲೆ ಮಾತ್ರ ಆ ಧರ್ಮದ್ದು. ಈ ವಿಚಿತ್ರ ಸಂಬಂಧ ಹೇಗೆ ಹುಟ್ಟಿತು, ಅದರಿಂದ ಏನು ಸಾಧ್ಯವಾಯಿತು, ಏನು ಸಾಧ್ಯವಾಗಲಿಲ್ಲ ಎಂಬುದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ. ಶಿಕ್ಷಣದ ಬಗ್ಗೆ ಚಿಂತಿಸುವ ಯಾವುದೇ ಸಮುದಾಯಕ್ಕೂ ಈ ಕತೆಯಲ್ಲಿ ಪಾಠವಿದೆ.

ನಾವು ಇಂದು ಕ್ಯಾಥೊಲಿಕ್ ಶಾಲೆಯೆಂದರೆ ಭವ್ಯ ಕಟ್ಟಡ, ಶಿಸ್ತು, ಇಂಗ್ಲಿಷ್ ಮತ್ತು ಪ್ರತಿಷ್ಠೆಯನ್ನು ನೆನೆಯುತ್ತೇವೆ. ಆದರೆ ಅಮೇರಿಕದ ನಗರಗಳಲ್ಲಿ ಈ ಶಾಲೆಗಳು ಹುಟ್ಟಿದ್ದು ಪ್ರತಿಷ್ಠೆಯಿಂದಲ್ಲ, ಅವಮಾನದಿಂದ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಐರಿಶ್ ಕ್ಯಾಥೊಲಿಕರು ಕಡು ಬಡವರು. ಬಂದರಿನಲ್ಲಿ ಹೊರೆ ಹೊರುವ, ಕಾಲುವೆ ತೋಡುವ, ಮನೆಗೆಲಸ ಮಾಡುವ ಜನ. ಅಂದು ನಗರದ ಶಾಲೆಗಳನ್ನು ನಡೆಸುತ್ತಿದ್ದುದು ಪಬ್ಲಿಕ್ ಸ್ಕೂಲ್ ಸೊಸೈಟಿ ಎಂಬ ಖಾಸಗಿ ಸಂಸ್ಥೆ. ಹಣ ಸರಕಾರದ್ದು, ಆಡಳಿತ ಪ್ರೊಟೆಸ್ಟಂಟ್ ಪ್ರಮುಖರದ್ದು. ಅಲ್ಲಿ ಪ್ರೊಟೆಸ್ಟಂಟರು ಬಳಸುವ ಬೈಬಲನ್ನೇ ಓದಿಸಲಾಗುತ್ತಿತ್ತು. ಪಠ್ಯಪುಸ್ತಕಗಳಲ್ಲಿ ಕ್ಯಾಥೊಲಿಕರನ್ನು ಹೀಯಾಳಿಸುವ ಪಾಠಗಳಿದ್ದವು. ತನ್ನ ತಂದೆ ತಾಯಿಯ ವಿಶ್ವಾಸ ಮೂಢತನವೆಂದು ತರಗತಿಯಲ್ಲಿ ಓದಿ ಮಗು ಮನೆಗೆ ಮರಳುತ್ತಿತ್ತು. ಪರಿಣಾಮವಾಗಿ ಸಾವಿರಾರು ಪೋಷಕರು ಮಕ್ಕಳನ್ನು ಶಾಲೆಗೇ ಕಳುಹಿಸಲಿಲ್ಲ.

ಈ ಸಂದರ್ಭದಲ್ಲಿ ಧ್ವನಿಯೆತ್ತಿದವರು ಬಿಷಪ್ ಜಾನ್ ಹ್ಯೂಸ್. ಅವರೂ ಐರ್ಲೆಂಡಿನಿಂದ ವಲಸೆ ಬಂದವರೇ. ಗುರುಮಠದಲ್ಲಿ ವಿದ್ಯಾರ್ಥಿಯಾಗುವ ಮೊದಲು ಅದೇ ಸಂಸ್ಥೆಯಲ್ಲಿ ತೋಟಗಾರನಾಗಿ ದುಡಿದವರು. 1840ರಲ್ಲಿ ನಗರಸಭೆಯ ಮುಂದೆ ಅವರು ಮಂಡಿಸಿದ ವಾದ ಸರಳವಾಗಿತ್ತು. ನಾವೂ ತೆರಿಗೆ ಕೊಡುತ್ತೇವೆ, ನಮ್ಮ ಮಕ್ಕಳ ಮನಸ್ಸಾಕ್ಷಿಗೆ ವಿರುದ್ಧವಾದ ಶಾಲೆಗಳಿಗೆ ಮಾತ್ರ ಆ ಹಣ ಸಲ್ಲುವುದು ನ್ಯಾಯವೇ? ನಗರಸಭೆ ಆ ಬೇಡಿಕೆಯನ್ನು ತಳ್ಳಿಹಾಕಿತು. 1842ರಲ್ಲಿ ರಾಜ್ಯದ ಶಾಸನಸಭೆ ಹೊಸ ಕಾನೂನು ತಂದು ಚುನಾಯಿತ ಶಿಕ್ಷಣ ಮಂಡಳಿಯನ್ನು ರಚಿಸಿತಾದರೂ ಧಾರ್ಮಿಕ ಶಾಲೆಗಳಿಗೆ ಸರಕಾರದ ಹಣವಿಲ್ಲ ಎಂದು ಕಟ್ಟುಮಾಡಿತು. ಆ ದಿನಗಳಲ್ಲಿ ಗಲಭೆಕೋರರು ಬಿಷಪರ ನಿವಾಸಕ್ಕೆ ಕಲ್ಲೆಸೆದರು. 1844ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ನಡೆದ ಕ್ಯಾಥೊಲಿಕ್ ವಿರೋಧಿ ಗಲಭೆಯಲ್ಲಿ ಚರ್ಚುಗಳು ಸುಟ್ಟುಹೋದವು, ಜನ ಸತ್ತರು.

ಗಮನಿಸಬೇಕಾದ ಅಂಶ ಇದು. ಹ್ಯೂಸ್ ಸೋತರು. ಆದರೆ ಸೋತ ಮನುಷ್ಯ ಗೊಣಗುತ್ತಾ ಕುಳಿತುಕೊಳ್ಳಲಿಲ್ಲ. ಮೊದಲು ಶಾಲೆ ಕಟ್ಟಿ, ಚರ್ಚು ಆಮೇಲಾಗಲಿ ಎಂಬುದು ಅವರ ಧೋರಣೆಯಾಯಿತು. ಧರ್ಮಗುರುವೊಬ್ಬರು ಪ್ರಾರ್ಥನಾಲಯಕ್ಕಿಂತ ಮೊದಲು ಪಾಠಶಾಲೆಯನ್ನಿಟ್ಟರು ಎಂಬುದು ಸಾಮಾನ್ಯ ಮಾತಲ್ಲ. 1884ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಸೇರಿದ ಬಿಷಪರ ಮಹಾಸಭೆ, ಪ್ರತಿಯೊಂದು ಪ್ಯಾರಿಷ್ ತನ್ನದೇ ಶಾಲೆಯನ್ನು ಹೊಂದಬೇಕೆಂದು ವಿಧಿಸಿತು. ಆ ಶಾಲೆಗಳಿಗೆ ಅಡಿಪಾಯವಾದುದು ಎರಡು ಸಂಗತಿಗಳು. ಒಂದು, ಕೂಲಿಕಾರರೂ ಮನೆಗೆಲಸದ ಹೆಂಗಸರೂ ರವಿವಾರದ ಕಾಣಿಕೆಯ ತಟ್ಟೆಗೆ ಹಾಕಿದ ಚಿಲ್ಲರೆ ಕಾಸು. ಎರಡು, ಸಂಬಳವೆಂದು ಹೇಳಬಹುದಾದ ಏನನ್ನೂ ಪಡೆಯದೆ ಇಡೀ ಬದುಕನ್ನು ತರಗತಿಗೆ ಕೊಟ್ಟ ಧರ್ಮಭಗಿನಿಯರು. 1960ರ ದಶಕದ ಮಧ್ಯಭಾಗಕ್ಕೆ ಅಮೇರಿಕದಲ್ಲಿ ಸುಮಾರು 13 ಸಾವಿರ ಕ್ಯಾಥೊಲಿಕ್ ಶಾಲೆಗಳಿದ್ದವು, 50 ಲಕ್ಷಕ್ಕೂ ಹೆಚ್ಚು ಮಕ್ಕಳು ಅಲ್ಲಿ ಕಲಿಯುತ್ತಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಏಕಮುಖ ಪ್ರಶಂಸೆಯಾಗುತ್ತದೆ. ಅವಮಾನ ಉಂಡವರು ಇತರರನ್ನು ಅವಮಾನಿಸುವುದಿಲ್ಲ ಎಂಬ ಭರವಸೆ ಇತಿಹಾಸದಲ್ಲಿಲ್ಲ. ಇದೇ ಶಾಲೆಗಳಲ್ಲಿ ಹಲವೆಡೆ ಕಪ್ಪು ಮಕ್ಕಳಿಗೆ ಪ್ರವೇಶವಿರಲಿಲ್ಲ. 1947ರಲ್ಲಿ ಸೇಂಟ್ ಲೂಯಿಸ್ ನಗರದ ಆರ್ಚ್‌ಬಿಷಪ್ ಜೋಸೆಫ್ ರಿಟರ್, ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಕಲಿಯಬೇಕೆಂದು ಆದೇಶಿಸಿದಾಗ ಕೆಲವು ಬಿಳಿಯ ಪೋಷಕರು ನ್ಯಾಯಾಲಯಕ್ಕೆ ಹೋಗುವ ಸಿದ್ಧತೆ ನಡೆಸಿದರು. ಹಾಗೆ ಮಾಡಿದರೆ ಸಭೆಯಿಂದ ಬಹಿಷ್ಕೃತರಾಗುವಿರಿ ಎಂದು ರಿಟರ್ ಎಚ್ಚರಿಸಬೇಕಾಯಿತು. ಅಮೇರಿಕದ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ವರ್ಣಭೇದವನ್ನು ಅಸಿಂಧುಗೊಳಿಸಿದ 1954ರ ತೀರ್ಪಿಗಿಂತ ಏಳು ವರ್ಷ ಮೊದಲಿನ ಮಾತಿದು. ಸಮುದಾಯದ ನಾಯಕ ಹೊರಗಿನವರೊಂದಿಗೆ ಹೋರಾಡುವುದು ಸುಲಭ. ತನ್ನವರೊಂದಿಗೆ ಹೋರಾಡುವುದೇ ಕಷ್ಟ.

ಆನಂತರ ಚಿತ್ರವೇ ಬದಲಾಯಿತು. ಐರಿಶ್, ಇಟಾಲಿಯನ್, ಪೋಲಿಷ್ ಕುಟುಂಬಗಳ ಮಕ್ಕಳು ಕಲಿತರು, ನೌಕರಿ ಹಿಡಿದರು, ನಗರದ ಇಕ್ಕಟ್ಟಿನ ಕೇರಿಗಳನ್ನು ಬಿಟ್ಟು ಹೊರವಲಯದ ವಿಶಾಲ ಮನೆಗಳಿಗೆ ಹೋದರು. ಹಾರ್ಲೆಮ್, ಸೌತ್ ಬ್ರಾಂಕ್ಸ್‌ನಂತಹ ಪ್ರದೇಶಗಳಲ್ಲಿ ಶಾಲೆಯ ಕಟ್ಟಡ ಉಳಿಯಿತು, ಕಟ್ಟಿದವರು ಉಳಿಯಲಿಲ್ಲ. ಆ ಕೇರಿಗಳಿಗೆ ಬಂದವರು ದಕ್ಷಿಣದ ರಾಜ್ಯಗಳಿಂದ ವಲಸೆ ಬಂದ ಕಪ್ಪು ಜನ, ಪೋರ್ಟೊರಿಕೊ ಮತ್ತು ಲ್ಯಾಟಿನ್ ಅಮೇರಿಕದಿಂದ ಬಂದ ಕುಟುಂಬಗಳು. ಕಪ್ಪು ಕುಟುಂಬಗಳಲ್ಲಿ ಬಹಳಷ್ಟು ಮಂದಿ ಕ್ಯಾಥೊಲಿಕರೇ ಅಲ್ಲ. ಇನ್ನೊಂದೆಡೆ ಧರ್ಮಭಗಿನಿಯರ ಸಂಖ್ಯೆ ಕುಸಿಯತೊಡಗಿತು. 1965ರಲ್ಲಿ ಅಮೇರಿಕದಲ್ಲಿ ಸುಮಾರು 1 ಲಕ್ಷ 80 ಸಾವಿರ ಧರ್ಮಭಗಿನಿಯರಿದ್ದರು. ಇಂದು 40 ಸಾವಿರಕ್ಕಿಂತ ಕಡಿಮೆ. ಅವರ ಜಾಗಕ್ಕೆ ಸಂಬಳದ ಶಿಕ್ಷಕರು ಬಂದರು. ಸಂಬಳಕ್ಕಾಗಿ ಶುಲ್ಕ ಏರಿತು. ಏರಿದ ಶುಲ್ಕವನ್ನು ಕಟ್ಟಬೇಕಾದವರು ನಗರದ ಅತಿ ಬಡವರು!

ಈಗ ಶಾಲೆಗಳ ಮುಂದೆ ಒಂದು ನೇರ ಪ್ರಶ್ನೆ ಎದುರಾಯಿತು. ನಮ್ಮವರು ಹೋದ ಮೇಲೆ ನಮಗಿಲ್ಲೇನು ಕೆಲಸ? ಬಾಗಿಲು ಮುಚ್ಚಿ, ಜಾಗ ಮಾರಿ, ಹೊರವಲಯದಲ್ಲಿ ಹೊಸ ಶಾಲೆ ಕಟ್ಟಬಹುದಿತ್ತು. ಹಲವೆಡೆ ಹಾಗೆಯೇ ಆಯಿತು. ಆದರೆ ಕೆಲವರು ಬೇರೆ ಉತ್ತರ ಕಂಡುಕೊಂಡರು. ಮಗು ಕ್ಯಾಥೊಲಿಕ್ ಎಂಬ ಕಾರಣಕ್ಕೆ ನಾವು ಕಲಿಸುವುದಲ್ಲ, ನಾವು ಕ್ಯಾಥೊಲಿಕರು ಎಂಬ ಕಾರಣಕ್ಕೆ ಕಲಿಸುತ್ತೇವೆ ಎಂಬ ಮಾತು ಆ ಶಾಲೆಗಳ ವಲಯದಲ್ಲಿ ಪ್ರಚಲಿತವಾಯಿತು. ಮಾತಿಗೆ ಹಣದ ಬೆಂಬಲ ಬೇಕಲ್ಲವೇ? 1971ರಲ್ಲಿ ಕಾರ್ಡಿನಲ್ ಟೆರೆನ್ಸ್ ಕುಕ್ ಅವರ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಇನ್ನರ್ ಸಿಟಿ ಸ್ಕಾಲರ್‌ಶಿಪ್ ಫಂಡ್ ಆರಂಭವಾಯಿತು. 1986ರಲ್ಲಿ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ ಅವರ ಮುಂದಾಳುತನದಲ್ಲಿ ಚಿಕಾಗೋದಲ್ಲಿ ಬಿಗ್ ಶೋಲ್ಡರ್ಸ್ ಫಂಡ್ ಸ್ಥಾಪನೆಯಾಯಿತು. ಈ ನಿಧಿಗಳಿಗೆ ಕೊಡುವವರಲ್ಲಿ ಕ್ಯಾಥೊಲಿಕರೂ ಇದ್ದಾರೆ, ಕ್ಯಾಥೊಲಿಕರಲ್ಲದವರೂ ಇದ್ದಾರೆ. ವಿಲ್ಸನ್‌ರಂಥ ನಾಸ್ತಿಕರೂ ಇದ್ದರು.

ಈ ವಿದ್ಯಾರ್ಥಿ ವೇತನಗಳು ಕೆಲಸ ಮಾಡುವ ಬಗೆಯನ್ನು ಗಮನಿಸಿ. ಕುಟುಂಬದ ಆದಾಯವನ್ನು ದಾಖಲೆಗಳ ಮೂಲಕ ಪರಿಶೀಲಿಸಲಾಗುತ್ತದೆ. ಸಾಮಾನ್ಯವಾಗಿ ಪೂರ್ಣ ಶುಲ್ಕವನ್ನು ಭರಿಸುವುದಿಲ್ಲ, ಚಿಕ್ಕ ಪಾಲನ್ನಾದರೂ ಕುಟುಂಬವೇ ಕಟ್ಟಬೇಕು. ಇದನ್ನು ಜಿಪುಣತನವೆಂದು ಭಾವಿಸಬಾರದು. ತನ್ನ ಬೆವರಿನ ಪಾಲು ಸೇರಿದಾಗ ತಾಯಿ ಶಾಲೆಯ ಕಚೇರಿಗೆ ಭಿಕ್ಷುಕಳಂತೆ ಹೋಗುವುದಿಲ್ಲ, ಹಕ್ಕುದಾರಳಂತೆ ಹೋಗುತ್ತಾಳೆ. ಅದೇ 1986ರಲ್ಲಿ ಪೀಟರ್ ಫ್ಲಾನಿಗನ್ ಎಂಬವರು ನ್ಯೂಯಾರ್ಕಿನಲ್ಲಿ ಆರಂಭಿಸಿದ ಸ್ಟೂಡೆಂಟ್ ಸ್ಪಾನ್ಸರ್ ಪಾರ್ಟ್‌ನರ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ದಾನಿ ಹಣ ಕೊಟ್ಟರೆ ಮುಗಿಯಲಿಲ್ಲ, ಪ್ರೌಢಶಾಲೆಯ ನಾಲ್ಕು ವರ್ಷವೂ ಒಬ್ಬ ಹಿರಿಯರು ಮಾರ್ಗದರ್ಶಕರಾಗಿ ಆ ವಿದ್ಯಾರ್ಥಿಯ ಜೊತೆಗಿರಬೇಕು. ಇನ್ನು 1996ರಲ್ಲಿ ಚಿಕಾಗೋದ ಮೆಕ್ಸಿಕನ್ ವಲಸಿಗರ ಕೇರಿಯಲ್ಲಿ ಜೆಸ್ವಿಟ್ ಗುರುಗಳು ಆರಂಭಿಸಿದ ಕ್ರಿಸ್ಟೊ ರೇ ಶಾಲೆಯದು ಮತ್ತೊಂದು ಮಾದರಿ. ಅಲ್ಲಿ ನಾಲ್ಕು ವಿದ್ಯಾರ್ಥಿಗಳು ಸೇರಿ ಕಚೇರಿಯೊಂದರ ಒಂದು ಹುದ್ದೆಯನ್ನು ಹಂಚಿಕೊಳ್ಳುತ್ತಾರೆ. ಪ್ರತಿಯೊಬ್ಬರಿಗೂ ತಿಂಗಳಿಗೆ ಸುಮಾರು ಐದು ದಿನದ ದುಡಿಮೆ. ಕಂಪೆನಿ ಕೊಡುವ ಹಣ ಅವರ ಶುಲ್ಕಕ್ಕೆ ಸಲ್ಲುತ್ತದೆ. ಬ್ಯಾಂಕಿನ, ವಕೀಲರ ಕಚೇರಿಯ ಒಳಾಂಗಣವನ್ನೇ ಕಾಣದಿದ್ದ ಮಗು ಹದಿನಾಲ್ಕನೆಯ ವಯಸ್ಸಿಗೇ ಅಲ್ಲಿನ ರೀತಿನೀತಿ ಕಲಿಯುತ್ತದೆ. ಇಂದು ಈ ಮಾದರಿಯ ಸುಮಾರು 40 ಶಾಲೆಗಳಿವೆ.

ಇದರಿಂದ ಫಲ ಸಿಕ್ಕಿದೆಯೇ? ಇಲ್ಲಿ ಭಾವುಕತೆಗೆ ಅವಕಾಶ ಕೊಡದೆ ಮಾತಾಡಬೇಕು. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನವು ಕ್ಯಾಥೊಲಿಕ್ ಪ್ರೌಢಶಾಲೆಗಳ ಮಕ್ಕಳು ಸರಕಾರಿ ಶಾಲೆಯ ಅದೇ ಬಗೆಯ ಹಿನ್ನೆಲೆಯ ಮಕ್ಕಳಿಗಿಂತ ಮುಂದಿರುವರೆಂದೂ, ಬಡ ಮತ್ತು ಕಪ್ಪು ಮಕ್ಕಳಲ್ಲಿ ಈ ಲಾಭ ಹೆಚ್ಚೆಂದೂ ಹೇಳಿತು. 1993ರಲ್ಲಿ ಆಂಟನಿ ಬ್ರೈಕ್ ಮತ್ತು ಸಹ ಲೇಖಕರು ಅದಕ್ಕೆ ಕಾರಣಗಳನ್ನು ಶೋಧಿಸಿದರು. ಬಡವನ ಮಗುವಿಗೆ ಬೇರೆ, ಸಿರಿವಂತನ ಮಗುವಿಗೆ ಬೇರೆ ಎಂಬ ಪಠ್ಯವಿಲ್ಲ, ಎಲ್ಲರೂ ಕಠಿಣ ಗಣಿತ ಕಲಿಯಲೇಬೇಕು. ಶಾಲೆ ಒಂದು ಸಮುದಾಯದಂತಿರುತ್ತದೆ, ಶಿಕ್ಷಕನಿಗೆ ಪ್ರತಿ ಮಗುವೂ ಗೊತ್ತು. ಆದರೆ ಟೀಕಾಕಾರರ ಆಕ್ಷೇಪವೂ ಬಲವಾಗಿತ್ತು. ಮಕ್ಕಳ ಶಿಕ್ಷಣಕ್ಕಾಗಿ ಹೊಟ್ಟೆ ಕಟ್ಟುವ ಪೋಷಕರೇ ಈ ಶಾಲೆಗಳನ್ನು ಹುಡುಕಿ ಬರುತ್ತಾರೆ, ಹಾಗಾದರೆ ಫಲ ಶಾಲೆಯದೋ, ಮನೆಯದೋ?

ಈ ಪ್ರಶ್ನೆಗೆ ಉತ್ತರ ಹುಡುಕಲು 1997ರಲ್ಲಿ ನ್ಯೂಯಾರ್ಕಿನಲ್ಲಿ ಅವಕಾಶ ಸಿಕ್ಕಿತು. ದಾನಿಗಳ ಹಣದಿಂದ ಸುಮಾರು 1,300 ಬಡ ಮಕ್ಕಳಿಗೆ ವರ್ಷಕ್ಕೆ 1,400 ಡಾಲರ್‌ವರೆಗಿನ ವಿದ್ಯಾರ್ಥಿ ವೇತನ ಕೊಡಲಾಯಿತು. ಅರ್ಜಿ ಹಾಕಿದವರು 20 ಸಾವಿರಕ್ಕೂ ಹೆಚ್ಚು. ಆಯ್ಕೆ ಚೀಟಿ ಎತ್ತುವ ಮೂಲಕ ನಡೆಯಿತು. ಹೀಗಾಗಿ ಸಿಕ್ಕವರನ್ನೂ ಸಿಗದವರನ್ನೂ ನ್ಯಾಯವಾಗಿ ಹೋಲಿಸುವುದು ಸಾಧ್ಯವಾಯಿತು. ಕಪ್ಪು ಮಕ್ಕಳ ಅಂಕಗಳಲ್ಲಿ ಪ್ರಗತಿಯಾಗಿದೆ ಎಂದು ಮೊದಲ ಸಂಶೋಧಕರು ಹೇಳಿದರೆ, ಅದೇ ಅಂಕಿಗಳನ್ನು ಮರುಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್, ಆ ಪರಿಣಾಮ ಅಷ್ಟು ದೃಢವಲ್ಲ ಎಂದರು. 2012ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಆ ಮಕ್ಕಳು ಕಾಲೇಜು ಸೇರಿದರೇ ಎಂದು ನೋಡಿತು. ಒಟ್ಟಾರೆ ಎಲ್ಲ ಮಕ್ಕಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಕಪ್ಪು ಮಕ್ಕಳಲ್ಲಿ ಮಾತ್ರ ಸ್ಪಷ್ಟ ಹೆಚ್ಚಳ ಕಂಡಿತು. ಅಂದರೆ ವಿದ್ಯಾರ್ಥಿ ವೇತನ ಮಾಯಾದಂಡವಲ್ಲ. ಬಾಗಿಲುಗಳೆಲ್ಲ ಮುಚ್ಚಿರುವ ಮಗುವಿಗೆ ಅದೊಂದು ಬಾಗಿಲು.

ಇನ್ನು ಈ ಕತೆಯ ನೋವಿನ ಭಾಗ. 1998ರಲ್ಲಿ ಟೆಡ್ ಫೋರ್ಸ್ಟ್‌ಮನ್ ಮತ್ತು ಜಾನ್ ವಾಲ್ಟನ್ ಎಂಬ ಇಬ್ಬರು ಧನಿಕರು ತಲಾ 5 ಕೋಟಿ ಡಾಲರ್ ಹಾಕಿ ಚಿಲ್ಡ್ರನ್ಸ್ ಸ್ಕಾಲರ್‌ಶಿಪ್ ಫಂಡ್ ಸ್ಥಾಪಿಸಿದರು. ಕ್ಯಾಥೊಲಿಕ್ ಶಾಲೆಗಳೂ ಸೇರಿ ಪೋಷಕರು ಆಯ್ದ ಯಾವುದೇ ಖಾಸಗಿ ಶಾಲೆಗೆ ಅದರ ನೆರವು ದೊರೆಯುತ್ತಿತ್ತು. 40 ಸಾವಿರ ವಿದ್ಯಾರ್ಥಿ ವೇತನಗಳಿಗೆ ಬಂದ ಅರ್ಜಿಗಳು ಹನ್ನೆರಡೂವರೆ ಲಕ್ಷ! 1999ರಲ್ಲಿ ಚೀಟಿ ಎತ್ತಲಾಯಿತು. ಒಂದು ಮಗುವಿಗೆ ಸಿಕ್ಕಾಗ ಮೂವತ್ತು ಮಕ್ಕಳು ಬರಿಗೈಯಲ್ಲಿ ಮರಳಿದರು. ದಾನಿಗಳು ತಮ್ಮ ಕರ್ತವ್ಯ ಮಾಡಿದರು, ಅವರನ್ನು ದೂರುವಂತಿಲ್ಲ. ಆದರೆ ಮಗುವಿನ ಭವಿಷ್ಯ ಚೀಟಿಯ ಮೇಲೆ ನಿಲ್ಲುವ ಸ್ಥಿತಿ ನ್ಯಾಯದ್ದಲ್ಲ. ದಾನ ಎಷ್ಟೇ ದೊಡ್ಡದಿರಲಿ, ಅದು ಹಕ್ಕಿಗೆ ಬದಲಿಯಾಗದು. ಮರಳಿದ ಮೂವತ್ತು ಮಕ್ಕಳಿಗೂ ಒಳ್ಳೆಯ ಶಾಲೆ ಒದಗಿಸುವುದು ಸರಕಾರದ ಹೊಣೆಯೇ ಹೊರತು ಅದೃಷ್ಟದ್ದಲ್ಲ.

ಎರಡನೆಯ ನೋವು, ದಾನದಿಂದಲೂ ಶಾಲೆಗಳು ಉಳಿಯಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಹುಟ್ಟಿದ್ದು 1954ರಲ್ಲಿ, ಬ್ರಾಂಕ್ಸ್‌ನಲ್ಲಿ, ಪೋರ್ಟೊರಿಕೊ ಮೂಲದ ಕುಟುಂಬದಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ದಾದಿಯಾಗಿ ದುಡಿದ ತಾಯಿ ಮಗಳನ್ನೂ ಮಗನನ್ನೂ ಕ್ಯಾಥೊಲಿಕ್ ಶಾಲೆಯಲ್ಲಿ ಓದಿಸಿದರು. 2009ರಲ್ಲಿ ಆ ಮಗಳು ದೇಶದ ಅತ್ಯುನ್ನತ ನ್ಯಾಯಪೀಠವೇರಿದರು. ಅವರು ಕಲಿತ ಬ್ಲೆಸ್ಡ್ ಸ್ಯಾಕ್ರಮೆಂಟ್ ಶಾಲೆ 2013ರಲ್ಲಿ ಮುಚ್ಚಿತು. ಇಂದು ಇಡೀ ಅಮೇರಿಕದಲ್ಲಿ ಉಳಿದಿರುವ ಕ್ಯಾಥೊಲಿಕ್ ಶಾಲೆಗಳು 6 ಸಾವಿರದ ಆಸುಪಾಸು, ಮಕ್ಕಳು ಸುಮಾರು 17 ಲಕ್ಷ. ಅರುವತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಗಳು ಇಲ್ಲವಾದವು.

ಮೂರನೆಯದು ನಂಬಿಕೆಯ ಪ್ರಶ್ನೆ. ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯಗಳನ್ನೂ, ಮೇಲಧಿಕಾರಿಗಳು ಅವನ್ನು ಮುಚ್ಚಿಟ್ಟದ್ದನ್ನೂ 2002ರಲ್ಲಿ ಬಾಸ್ಟನ್ ನಗರದ ಪತ್ರಿಕೆ ಬಯಲಿಗೆಳೆಯಿತು. ಆನಂತರ ಹಲವು ಧರ್ಮಪ್ರಾಂತ್ಯಗಳು ಪರಿಹಾರ ಕೊಡಲಾಗದೆ ದಿವಾಳಿ ಘೋಷಿಸಿದವು. ಬಡ ಮಕ್ಕಳಿಗಾಗಿ ಶತಮಾನಗಳ ತ್ಯಾಗದಿಂದ ಕಟ್ಟಿದ ವಿಶ್ವಾಸವನ್ನು ಮೌನವೊಂದು ಹೇಗೆ ಮುಕ್ಕಾಗಿಸಿತೆಂಬುದನ್ನು ಎಲ್ಲ ಧರ್ಮಗಳ ಸಂಸ್ಥೆಗಳೂ ನೆನಪಿಡಬೇಕು. ಸಂಸ್ಥೆಯ ಮಾನ ಉಳಿಸಲು ಮಗುವಿನ ಅಳುವನ್ನು ಅಡಗಿಸಿದರೆ ಕೊನೆಗೆ ಎರಡೂ ಉಳಿಯುವುದಿಲ್ಲ.

ಈಚೆಗೆ ಈ ಕತೆಗೆ ರಾಜಕೀಯವೂ ಸೇರಿಕೊಂಡಿದೆ. ಖಾಸಗಿ ಶಾಲೆಯ ಶುಲ್ಕಕ್ಕೆ ಸರಕಾರವೇ ವೋಚರ್ ಕೊಡುವ ಪದ್ಧತಿ 1990ರಲ್ಲಿ ಮಿಲ್ವಾಕಿ ನಗರದಲ್ಲಿ ಶುರುವಾಯಿತು. ಧಾರ್ಮಿಕ ಶಾಲೆಗೂ ಅಂಥ ವೋಚರ್ ಬಳಸಬಹುದೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಕ್ಲೀವ್‌ಲ್ಯಾಂಡ್ ಪ್ರಕರಣದಲ್ಲಿ ಹೇಳಿತು. 2025ರ ಜುಲೈಯಲ್ಲಿ ಅಂಗೀಕಾರವಾದ ಕೇಂದ್ರ ಕಾನೂನಿನಂತೆ, ವಿದ್ಯಾರ್ಥಿ ವೇತನ ನೀಡುವ ಸಂಸ್ಥೆಗೆ ಕೊಟ್ಟ ದಾನದಲ್ಲಿ 1,700 ಡಾಲರ್‌ವರೆಗೆ ದಾನಿಯ ತೆರಿಗೆಯಿಂದಲೇ ಕಳೆಯಲಾಗುವುದು. ಒಪ್ಪುವ ರಾಜ್ಯಗಳಲ್ಲಿ 2027ರಿಂದ ಅದು ಅನ್ವಯ. ಕೊಟ್ಟದ್ದೆಲ್ಲ ತೆರಿಗೆಯಲ್ಲಿ ಮರಳಿ ಬರುವುದಾದರೆ ಅದನ್ನು ದಾನವೆನ್ನಬೇಕೇ? ಬೊಕ್ಕಸದಿಂದ ಹೋದ ಆ ಹಣ ಸರಕಾರಿ ಶಾಲೆಯ ಮಗುವಿಗೂ ಸೇರಿದ್ದಲ್ಲವೇ? ಅಮೇರಿಕದ ಪೋಷಕರೂ ಶಿಕ್ಷಕರ ಸಂಘಗಳೂ ಇಂದು ಇದನ್ನೇ ಚರ್ಚಿಸುತ್ತಿದ್ದಾರೆ. ರವಿವಾರದ ತಟ್ಟೆಗೆ ಕಾಸು ಹಾಕಿದ ಮನೆಗೆಲಸದ ಹೆಂಗಸು ಯಾವ ತೆರಿಗೆ ವಿನಾಯಿತಿಯನ್ನೂ ಕೇಳಿರಲಿಲ್ಲ.

ಸಹೋದರ ಸಹೋದರಿಯರೇ, ಇದು ದೂರದೇಶದ ಕತೆಯಾದರೂ ನಮಗೆ ಸಂಬಂಧವಿಲ್ಲದ್ದಲ್ಲ. ಅಪೊಸ್ತಲಿಕ್ ಕಾರ್ಮೆಲ್ ಧರ್ಮಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಮಕ್ಕಳಿಗೆ ಕಲಿಸತೊಡಗಿದರು. ಜೆಸ್ವಿಟರು ಅಲ್ಲಿಯೇ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ರಾಜ್ಯದ ಪಟ್ಟಣಗಳಲ್ಲಿ ಇಂಥ ಶಾಲೆಗಳಲ್ಲಿ ಕಲಿತ ಮುಸ್ಲಿಂ ಕುಟುಂಬಗಳ ಮಕ್ಕಳಿಗೆ ಲೆಕ್ಕವಿಲ್ಲ. ಈ ಸಭೆಯಲ್ಲಿಯೂ ಅಂಥವರಿದ್ದಾರೆ. ಅನ್ಯಧರ್ಮದವರ ಶಾಲೆಯಲ್ಲಿ ಮಗುವಿನ ವಿಶ್ವಾಸಕ್ಕೆ ಧಕ್ಕೆಯಾಗದೇ ಎಂಬ ಅಳುಕು ಪೋಷಕರಲ್ಲಿ ಇರುವುದು ಸಹಜ. ನ್ಯೂಯಾರ್ಕಿನ ಬ್ಯಾಪ್ಟಿಸ್ಟ್ ತಾಯಿಗೂ ಅದೇ ಅಳುಕಿತ್ತು. ಕ್ಯಾಥೊಲಿಕ್ ಶಾಲೆಗಳಲ್ಲಿ ಧರ್ಮಬೋಧೆಯ ತರಗತಿ ಇರುತ್ತದೆಂದು ತಿಳಿದೇ ಆಕೆ ಮಗುವನ್ನು ಸೇರಿಸಿದಳು. ಶಾಲೆ ತನ್ನ ಸ್ವರೂಪವನ್ನು ಅಡಗಿಸಲಿಲ್ಲ, ತಾಯಿ ತನ್ನ ಮನೆಯ ಪ್ರಾರ್ಥನೆಯನ್ನು ಬಿಡಲಿಲ್ಲ. ಮನೆಯಲ್ಲಿ ಕಲಿಸದ ವಿಶ್ವಾಸವನ್ನು ಯಾವ ಶಾಲೆಯೂ ಕಾಪಾಡಲಾರದು, ಮನೆಯಲ್ಲಿ ಗಟ್ಟಿಯಾಗಿ ಬೇರೂರಿದ್ದನ್ನು ಯಾವ ಶಾಲೆಯೂ ಸುಲಭವಾಗಿ ಕೀಳಲಾರದು.

ಕೊಡುವವರಿಗೂ ನನ್ನದೊಂದು ವಿನಂತಿ ಇದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ವೇದಿಕೆ ಹಾಕಿ, ಬಡ ಮಗುವನ್ನು ಕರೆದು, ಕೈಗೆ ಚೆಕ್ಕು ಕೊಟ್ಟು, ಛಾಯಾಚಿತ್ರ ತೆಗೆಸಿ ಕಳುಹಿಸುವ ರೂಢಿಯಿದೆ. ಆ ಮಗು ಮುಂದಿನ ವರ್ಷ ಶಾಲೆಯಲ್ಲಿ ಉಳಿಯಿತೇ ಎಂದು ಕೇಳುವವರು ವಿರಳ. ನಾಲ್ಕು ವರ್ಷ ಒಂದೇ ಮಗುವಿನ ಬೆನ್ನಿಗೆ ನಿಲ್ಲುವುದು, ಹಣವನ್ನು ನೇರವಾಗಿ ಶಾಲೆಗೆ ತಲುಪಿಸಿ ಮಗುವಿನ ಮಾನ ಕಾಯುವುದು, ತಾಯಿಯ ಪುಟ್ಟ ಪಾಲನ್ನು ಗೌರವದಿಂದ ಸ್ವೀಕರಿಸುವುದು, ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು, ಇವು ಕ್ಯಾಥೊಲಿಕರ ಸೊತ್ತೇನಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಬೋಧನೆ ಅವರಲ್ಲೂ ಇದೆ, ನಮ್ಮಲ್ಲೂ ಇದೆ.

ಜೊತೆಗೆ, ಚೀಟಿಯಲ್ಲಿ ಹೆಸರು ಬಾರದ ಮೂವತ್ತು ಮಕ್ಕಳನ್ನೂ ಮರೆಯದಿರೋಣ. ಒಂದು ಮಗುವಿಗೆ ಶುಲ್ಕ ಕಟ್ಟಿದ ಕೈಯೇ ನೆರೆಯ ಸರಕಾರಿ ಶಾಲೆಯಲ್ಲಿ ಶಿಕ್ಷಕರಿಲ್ಲವೆಂದು ಅರ್ಜಿ ಬರೆಯಲಿ. ಆ ಶಾಲೆಯ ಅಭಿವೃದ್ಧಿ ಸಮಿತಿಯ ಸಭೆಗೆ ನಮ್ಮ ಮಕ್ಕಳು ಅಲ್ಲಿ ಕಲಿಯದಿದ್ದರೂ ನಾವು ಹೋಗಿ ಪ್ರಶ್ನೆ ಕೇಳೋಣ. ಅಲ್ಲಿ ಕುಳಿತಿರುವ ಮಗುವಿನ ಹೆಸರು ಯಾವುದೇ ಇರಲಿ, ಅದರ ಧರ್ಮ ಯಾವುದೇ ಇರಲಿ, ಅದಕ್ಕೆ ಬೇಕಾಗಿರುವುದು ಒಬ್ಬ ಶಿಕ್ಷಕ, ಒಂದು ಪುಸ್ತಕ ಮತ್ತು ತನ್ನ ಹೆಸರನ್ನು ನೆನಪಿಟ್ಟುಕೊಳ್ಳುವ ಒಬ್ಬ ಹಿರಿಯ.